ದೇಹದ ಪದಗಳು ಹೊಸ ಅರ್ಥಕ್ಕೆ ದಾಟಿದ ದಾರಿಯನ್ನು ಗುರುತಿಸುವುದು ಹೇಗೆ

ಕಾಲು ಉಳುಕಿದವರು ‘ನನ್ನ ಕೈಲಿ ನಡೆಯೋಕಾಗಲ್ಲ’ ಎಂದರೆ ಕೇಳಿದವರಿಗೆ ಆ ಮಾತಿನಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಡೆಯುವುದು ಕಾಲಿನ ಕೆಲಸವಾದರೂ ವಾಕ್ಯದಲ್ಲಿ ಕೂತಿರುವುದು ಕೈ. ಇಲ್ಲಿ ಕೈ ಎಂದರೆ ಅಂಗವಲ್ಲ, ಸಾಮರ್ಥ್ಯ; ಆ ಅರ್ಥ ಎಷ್ಟು ಆಳಕ್ಕೆ ಬೇರೂರಿದೆಯೆಂದರೆ ಕೈಗೂ ಕಾಲಿಗೂ ನಡುವಿನ ಈ ತಿಕ್ಕಾಟ ಯಾರ ಗಮನಕ್ಕೂ ಬರುವುದಿಲ್ಲ. ಅಂಗಗಳ ಹೆಸರುಗಳು ಹೀಗೆ ಎಣಿಕೆಗೆ, ಅಳತೆಗೆ, ದಿಕ್ಕಿಗೆ, ಕಾಲಕ್ಕೆ, ಭಾವಕ್ಕೆ, ಕೊನೆಗೆ ವ್ಯಾಕರಣದ ಪ್ರತ್ಯಯಗಳ ಕೆಲಸಕ್ಕೂ ದಾಟಿಕೊಳ್ಳುವುದು ಪರಸ್ಪರ ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಕಾಣುವ ಸಂಗತಿ. ಅದನ್ನು ಶಿಸ್ತಿನಿಂದ ಪತ್ತೆಹಚ್ಚಬೇಕೆನ್ನುವ ವಿದ್ಯಾರ್ಥಿಗಳು, ಅನುವಾದಕರು, ಭಾಷಾಶಿಕ್ಷಕರು ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ. ನುಡಿಗಟ್ಟುಗಳ ಪಟ್ಟಿ ಮಾಡುವುದು ಸುಲಭ, ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಕೆಲಸ, ಹಳೆಯ ಅರ್ಥವೂ ಹೊಸ ಅರ್ಥವೂ ಏಕಕಾಲಕ್ಕೆ ಹೊಂದುವ ನಡುವಿನ ವಾಕ್ಯವನ್ನು ಹುಡುಕಿ ತೆಗೆಯುವುದು. ಆ ವಾಕ್ಯ ಸಿಕ್ಕರೆ ಪದ ದಾಟಿದ ದಾರಿ ಸಿಕ್ಕಂತೆ. ಸಿಗದಿದ್ದರೆ ನಾವು ಹೇಳುವುದೆಲ್ಲ ಊಹೆಯಾಗಿಯೇ ಉಳಿಯುತ್ತದೆ.

ಅಂಗದ ಗಡಿಯನ್ನು ಮೊದಲು ಗೊತ್ತುಮಾಡಿಕೊಳ್ಳಿ

ಒಂದು ಪದವನ್ನು ಆರಿಸಿಕೊಂಡ ಮೇಲೆ, ಅದು ದೇಹದ ಎಷ್ಟು ಭಾಗವನ್ನು ಹೆಸರಿಸುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕನ್ನಡದ ಕೈ ಹೆಗಲಿನಿಂದ ಬೆರಳ ತುದಿಯವರೆಗೂ ಹಬ್ಬಬಲ್ಲದು. ರಷ್ಯನ್ನಿನ ‘ರುಕಾ’ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಹ್ಯಾಂಡ್ ಬೇರೆ, ಆರ್ಮ್ ಬೇರೆ. ‘ಕೈಗೆಟುಕುವ ಬೆಲೆ’ ಎಂಬಲ್ಲಿ ಅರ್ಥಕ್ಕೆ ಆಧಾರವಾಗಿರುವುದು ಚಾಚಿದ ತೋಳಿನ ಉದ್ದ, ‘ಕೈಚಳಕ’ದಲ್ಲಿ ಬೆರಳುಗಳ ಚುರುಕುತನ. ಒಂದೇ ಪದದ ಎರಡು ತುದಿಗಳಿಂದ ಎರಡು ಅರ್ಥಗಳು ಹೊರಟಿರುವುದನ್ನು ಗಮನಿಸದೆ ಇನ್ನೊಂದು ಭಾಷೆಯ ಪದದೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಸಂಸ್ಕೃತದ ‘ಮುಖ’ಕ್ಕೆ ಬಾಯಿ ಎಂಬ ಅರ್ಥವೂ ಮೋರೆ ಎಂಬ ಅರ್ಥವೂ ಇವೆ. ‘ನದೀಮುಖ’ ಹುಟ್ಟಿದ್ದು ಬಾಯಿಯ ಅರ್ಥದಿಂದ, ‘ಮುಖಭಂಗ’ ಹುಟ್ಟಿದ್ದು ಮೋರೆಯ ಅರ್ಥದಿಂದ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ವಿವರಿಸಲು ಹೊರಟರೆ ಯಾವುದೂ ಸರಿಹೋಗುವುದಿಲ್ಲ.

ಪದವನ್ನಲ್ಲ, ಇಡೀ ವಾಕ್ಯವನ್ನು ಸಂಗ್ರಹಿಸಿ

ನಿಘಂಟಿನಲ್ಲಿ ‘ಕೈಕೊಡು’ ಎಂಬ ಉಲ್ಲೇಖದ ಎದುರು ‘ಮೋಸಮಾಡು’ ಎಂದಿರುತ್ತದೆ. ಅಷ್ಟನ್ನೇ ನಕಲು ಮಾಡಿಕೊಂಡರೆ ವಿಶ್ಲೇಷಣೆಗೆ ಬೇಕಾದ ಸಾಮಗ್ರಿಯೇ ಕೈತಪ್ಪಿಹೋಗುತ್ತದೆ, ಏಕೆಂದರೆ ಪದದ ಹೊಸ ಅರ್ಥ ನೆಲೆಸಿರುವುದು ಅದರ ಸುತ್ತಲಿನ ವಾಕ್ಯರಚನೆಯಲ್ಲಿ. ‘ಅವನು ನನಗೆ ಕೈ ಕೊಟ್ಟ’ ಎಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ ಎಂದಾಗುತ್ತದೆ. ಅದಕ್ಕೆ ದ್ವಿತೀಯಾ ವಿಭಕ್ತಿಯ ಪ್ರತ್ಯಯ ಸೇರಿಸಿ ‘ಅವನು ನನಗೆ ಕೈಯನ್ನು ಕೊಟ್ಟ’ ಎಂದು ಹೇಳಿ ನೋಡಿ: ಮೋಸದ ಅರ್ಥ ಕರಗಿ, ಬಿದ್ದವನನ್ನು ಎಬ್ಬಿಸಲು ಕೈ ನೀಡಿದ ಚಿತ್ರವಷ್ಟೇ ಉಳಿಯುತ್ತದೆ. ‘ಎಡಗೈ ಕೊಟ್ಟ’, ‘ಎರಡೂ ಕೈ ಕೊಟ್ಟ’ ಎಂದರೂ ಹಾಗೆಯೇ. ಪ್ರತ್ಯಯ, ವಿಶೇಷಣ, ಸಂಖ್ಯೆ ಇವುಗಳನ್ನು ಒಂದೊಂದಾಗಿ ಸೇರಿಸಿ, ಹೊಸ ಅರ್ಥ ಯಾವ ಹಂತದಲ್ಲಿ ಮುರಿದುಬೀಳುತ್ತದೆ ಎಂದು ನೋಡುವುದು ನಾನು ಬಲ್ಲ ಪರೀಕ್ಷೆಗಳಲ್ಲಿ ಅತ್ಯಂತ ಭರವಸೆಯದು. ಬೇಗ ಮುರಿದರೆ ಪದ ಮತ್ತು ಕ್ರಿಯಾಪದ ಬೆಸೆದು ಒಂದೇ ಘಟಕವಾಗಿವೆ ಎಂದು ತಿಳಿಯಬೇಕು.

ಅದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಮಾಡಬೇಕು. ಆ ಅಂಗವೇ ಇಲ್ಲದ ವಸ್ತುವನ್ನು ಕರ್ತೃವಾಗಿ ಇಟ್ಟು ನೋಡಿ. ‘ಪಂಪು ಕೈಕೊಟ್ಟಿತು’ ಎಂಬ ವಾಕ್ಯ ಸಹಜವಾಗಿ ನಿಲ್ಲುತ್ತದೆ. ಆದರೆ ‘ಪಂಪು ಕೈಚಳಕ ತೋರಿಸಿತು’ ಎಂದರೆ ಯಾರಾದರೂ ತಡೆದು ಕೇಳುತ್ತಾರೆ. ಮೊದಲನೆಯದರಲ್ಲಿ ಕೈ ಅಂಗದ ನೆನಪನ್ನು ಪೂರ್ತಿ ಕಳೆದುಕೊಂಡಿದೆ, ಎರಡನೆಯದರಲ್ಲಿ ಇನ್ನೂ ಉಳಿಸಿಕೊಂಡಿದೆ.

ಈ ಪರೀಕ್ಷೆಗಳ ಹಿಂದಿನ ತತ್ತ್ವ ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. 11ನೆಯ ಶತಮಾನದ ಕಾಶ್ಮೀರದ ಲಾಕ್ಷಣಿಕ ಮಮ್ಮಟ ಲಕ್ಷಣೆಗೆ, ಅಂದರೆ ಪದ ತನ್ನ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಿಸಿದ ಬೇರೆ ಅರ್ಥ ಕೊಡುವುದಕ್ಕೆ, ಮೂರು ಷರತ್ತುಗಳನ್ನು ಹೇಳುತ್ತಾನೆ: ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಅಂದರೆ ನೇರ ಅರ್ಥ ಅಲ್ಲಿ ಹೊಂದಬಾರದು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು, ಆ ಬಳಕೆಗೆ ರೂಢಿಯ ಬಲವಾಗಲಿ ಒಂದು ಪ್ರಯೋಜನವಾಗಲಿ ಇರಬೇಕು. ಸಂಗ್ರಹಿಸಿದ ಪ್ರತಿಯೊಂದು ವಾಕ್ಯದ ಎದುರೂ ಈ ಮೂರನ್ನು ಕೇಳಿಕೊಂಡರೆ ಸಾಕು. ಬಾಧೆ ಎಲ್ಲಿದೆ ಎಂಬುದು ತಕ್ಷಣ ಕಾಣುತ್ತದೆ, ರೂಢಿಯನ್ನು ಮಾತಾಡುವವರು ಹೇಳುತ್ತಾರೆ. ಸಂಬಂಧ ಯಾವುದು ಎಂಬುದರ ಶೋಧದಲ್ಲೇ ಹೆಚ್ಚಿನ ಶ್ರಮ ಹಿಡಿಯುತ್ತದೆ.

ನಡುವಿನ ವಾಕ್ಯವನ್ನು ಹುಡುಕುವುದು

‘ಕೈಲಿ’ ಎಂಬ ರೂಪವನ್ನೇ ತೆಗೆದುಕೊಂಡು ಐದು ವಾಕ್ಯಗಳನ್ನು ಸಾಲಾಗಿ ಬರೆಯೋಣ. ‘ಮಗುವಿನ ಕೈಲಿ ಚೆಂಡಿದೆ.’ ‘ಮಗುವಿನ ಕೈಲಿ ಪತ್ರ ಕಳಿಸಿದೆ.’ ‘ಮಗುವಿನ ಕೈಲಿ ಪತ್ರ ಬರೆಸಿದೆ.’ ‘ಮಗುವಿನ ಕೈಲಿ ಹಾಡು ಹೇಳಿಸಿದೆ.’ ‘ಮಗುವಿನ ಕೈಲಿ ಅಷ್ಟು ದೂರ ನಡೆಯಲಾಗದು.’

ಮೊದಲನೆಯದು ಬರಿಯ ಅಂಗ, ಚೆಂಡು ಇರುವ ಜಾಗ. ಎರಡನೆಯದೇ ನಾವು ಹುಡುಕುತ್ತಿರುವ ನಡುವಿನ ವಾಕ್ಯ: ಪತ್ರ ಮಗುವಿನ ಅಂಗೈಯಲ್ಲಿ ನಿಜವಾಗಿಯೂ ಇತ್ತು, ಅದೇ ಹೊತ್ತಿಗೆ ಪತ್ರ ತಲುಪಿದ್ದು ಮಗುವಿನ ಮೂಲಕ. ಕೇಳುವವನು ಯಾವ ಅರ್ಥ ಹಿಡಿದರೂ ತಪ್ಪಾಗುವುದಿಲ್ಲ, ಆದ್ದರಿಂದಲೇ ಪದ ಸದ್ದಿಲ್ಲದೆ ಈ ಕಡೆಯಿಂದ ಆ ಕಡೆಗೆ ದಾಟಬಲ್ಲದು. ಮೂರನೆಯದರಲ್ಲಿ ಕೈ ಇನ್ನೂ ದುಡಿಯುತ್ತಿದೆ, ಬರೆಯುವುದು ಕೈಯೇ. ಆದರೆ ವಾಕ್ಯ ಹೇಳುತ್ತಿರುವುದು ಕೆಲಸ ಮಾಡಿದವರು ಯಾರು ಎಂಬುದನ್ನು. ನಾಲ್ಕನೆಯದರಲ್ಲಿ ಹಾಡುವುದು ಕಂಠ, ಕೈಗೆ ಕೆಲಸವೇ ಇಲ್ಲ. ಇಲ್ಲಿ ‘ಕೈಲಿ’ ಪ್ರೇರಣಾರ್ಥಕ ಕ್ರಿಯೆಯಲ್ಲಿ ಕೆಲಸ ಮಾಡುವವನನ್ನು ತೋರಿಸುವ ಗುರುತಾಗಿಬಿಟ್ಟಿದೆ, ಅಂದರೆ ಹೆಚ್ಚುಕಡಿಮೆ ಒಂದು ವಿಭಕ್ತಿಯ ಕೆಲಸ ಮಾಡುತ್ತಿದೆ. ಐದನೆಯದರಲ್ಲಿ ಅದು ಸಾಮರ್ಥ್ಯ. ಒಂದು ಅಂಗದ ಹೆಸರು ವ್ಯಾಕರಣದ ಭಾಗವಾಗುವ ಪ್ರಕ್ರಿಯೆಯನ್ನು ದಿನಬಳಕೆಯ ಐದು ವಾಕ್ಯಗಳಲ್ಲಿ ಇಷ್ಟು ಸ್ಪಷ್ಟವಾಗಿ ನೋಡಲು ಸಾಧ್ಯವಿರುವುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಹೀಗೆ ಜೋಡಿಸಿದ ಸಾಲು ತರ್ಕದ ಕ್ರಮವೇ ಹೊರತು ಇತಿಹಾಸದ ಸಾಕ್ಷ್ಯವಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಯಾವ ಬಳಕೆ ಮೊದಲು ಬಂತೆಂದು ಹೇಳಬೇಕಾದರೆ ಶಾಸನ, ಹಳೆಯ ಕಾವ್ಯ, ಗದ್ಯಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ನೋಡಬೇಕು. ಪ್ರಯೋಗಗಳನ್ನು ಉದ್ಧರಿಸುವ ನಿಘಂಟುಗಳು ಇಲ್ಲಿ ನೆರವಿಗೆ ಬರುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಈಗ ಮರೆಯಾಗಿರುವ ಎಷ್ಟೋ ನಡುವಿನ ಬಳಕೆಗಳು ಸಿಗುತ್ತವೆ.

ಇದೇ ಬಗೆಯಲ್ಲಿ ‘ತಲಾ’ ಎಂಬುದನ್ನು ಬಿಡಿಸಿ ನೋಡಬಹುದು. ತಲೆಗೆ ಎರಡು ಹಣ್ಣು ಎನ್ನುವಾಗ ಒಂದು ಅಂಗ ಇಡೀ ಮನುಷ್ಯನ ಬದಲು ನಿಂತಿದೆ. ಮಕ್ಕಳಿಗೆ ತಲಾ ಎರಡು ಹಣ್ಣು ಎನ್ನುವಾಗ ಅದು ಹಂಚಿಕೆಯ ಲೆಕ್ಕ. ಎರಡು ಪೆಟ್ಟಿಗೆಗಳಲ್ಲಿ ತಲಾ ಹತ್ತು ಪುಸ್ತಕ ಎನ್ನುವಾಗ ಪೆಟ್ಟಿಗೆಗೆ ತಲೆಯೇ ಇಲ್ಲ, ಆದರೂ ವಾಕ್ಯ ಶುದ್ಧವಾಗಿದೆ. ಲ್ಯಾಟಿನ್ನಿನ ‘ಪರ್ ಕ್ಯಾಪಿಟಾ’ ಹೊರಟದ್ದೂ ತಲೆ ಎಣಿಸುವುದರಿಂದಲೇ. ಪಾದದ ಅರ್ಥದ ‘ಅಡಿ’ ಪಾತ್ರೆಯ ಅಡಿಯಾಗಿ, ಮರದಡಿಯ ನೆರಳಾಗಿ, ಕೊನೆಗೆ ‘ಈ ಕಾಯ್ದೆಯಡಿ ಪ್ರಕರಣ ದಾಖಲಾಗಿದೆ’ ಎಂಬ ಕಚೇರಿಯ ವಾಕ್ಯದೊಳಕ್ಕೆ ಬಂದು ಕೂತಿರುವ ಕಥೆಯನ್ನು ಓದುಗರೇ ಬಿಡಿಸಿಕೊಳ್ಳಬಲ್ಲರು.

ಸಂಬಂಧ ಯಾವ ಬಗೆಯದು

ನಡುವಿನ ವಾಕ್ಯ ಸಿಕ್ಕ ಮೇಲೆ ಪದವನ್ನು ಎಳೆದದ್ದು ಅಂಗದ ಆಕಾರವೋ, ದೇಹದಲ್ಲಿ ಅದರ ಜಾಗವೋ, ಅದು ಮಾಡುವ ಕೆಲಸವೋ ಎಂದು ಕೇಳಬೇಕು. ತೆಂಗಿನಕಾಯಿಯ ಕಣ್ಣು, ನವಿಲುಗರಿಯ ಕಣ್ಣು ಆಕಾರದಿಂದ ಬಂದವು. ತುರ್ಕಿ ಭಾಷೆಯಲ್ಲಿ ಮೂಗಿನ ಹೆಸರಾದ ‘ಬುರುನ್’ ಸಮುದ್ರಕ್ಕೆ ಚಾಚಿದ ಭೂಶಿರವನ್ನೂ, ಗಂಟಲಿನ ಹೆಸರಾದ ‘ಬೊಗಾಜ್’ ಜಲಸಂಧಿಯನ್ನೂ ಸೂಚಿಸುತ್ತದೆ. ನಮ್ಮ ‘ಭೂಶಿರ’ ಅದೇ ನೆಲದ ಚೂಪಿಗೆ ಮೂಗಿನ ಬದಲು ತಲೆಯನ್ನು ಆರಿಸಿಕೊಂಡಿದೆ. ಜಾಗದಿಂದ ಬಂದವು ಬೆಟ್ಟದ ನೆತ್ತಿ, ಪುಟದ ತಲೆಬರಹ. ಕೆಲಸದಿಂದ ಬಂದವುಗಳಲ್ಲಿ ಕೈಯದೇ ಸಿಂಹಪಾಲು: ಚೀನೀ ಭಾಷೆಯಲ್ಲಿ ಕೈ ಎಂಬ ಅರ್ಥದ ‘ಷೌ’ ಪದ ಹಾಡು ಎಂಬುದರ ಮುಂದೆ ಸೇರಿದರೆ ಗಾಯಕ, ನೀರು ಎಂಬುದರ ಮುಂದೆ ಸೇರಿದರೆ ನಾವಿಕ. ಇಂಗ್ಲಿಷಿನಲ್ಲೂ ಹಡಗಿನ ಕೆಲಸಗಾರರನ್ನು ಕೈಗಳೆಂದೇ ಎಣಿಸುತ್ತಾರೆ.

ಕಣ್ಣಿನ ವಿಷಯದಲ್ಲಿ ಒಂದು ದಾರಿ ವಿಶೇಷವಾಗಿ ಗಮನಾರ್ಹ. ಅರಬ್ಬಿಯ ‘ಐನ್’, ಹೀಬ್ರೂವಿನ ‘ಆಯಿನ್’ ಎರಡಕ್ಕೂ ಕಣ್ಣು ಮತ್ತು ನೀರಿನ ಬುಗ್ಗೆ ಎಂಬ ಎರಡರ್ಥಗಳಿವೆ. ಪಾರಸಿಯಲ್ಲಿ ‘ಚಶ್ಮ್’ ಕಣ್ಣಾದರೆ ‘ಚಶ್ಮೆ’ ಬುಗ್ಗೆ. ಮಲಯ್ ಭಾಷೆಯಲ್ಲಿ ‘ಮಾತಾ’ ಎಂದರೆ ಕಣ್ಣು, ‘ಮಾತಾ ಆಯೆರ್’ ಅಂದರೆ ನೀರಿನ ಕಣ್ಣು ಬುಗ್ಗೆಯಾಗುತ್ತದೆ, ‘ಮಾತಾಹಾರಿ’ ಅಂದರೆ ಹಗಲಿನ ಕಣ್ಣು ಸೂರ್ಯನಾಗುತ್ತದೆ. ನೀರು ಒಸರುವ ದುಂಡನೆಯ ಕಿಂಡಿ ಎಂಬ ಆಕಾರ ಮತ್ತು ಕೆಲಸ ಇಲ್ಲಿ ಒಟ್ಟಿಗೆ ಸೇರಿವೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ಬೇಡ.

ಅಂಗದ ಹೆಸರು ‘ತಾನು’ ಎಂಬ ಅರ್ಥಕ್ಕೆ ಬರುವುದೂ ಉಂಟು. ಬಾಸ್ಕ್ ಭಾಷೆಯಲ್ಲಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡವನು ‘ತನ್ನ ತಲೆಯನ್ನು’ ನೋಡಿಕೊಳ್ಳುತ್ತಾನೆ. ಜಾರ್ಜಿಯನ್ ಮತ್ತು ಹೌಸಾ ಭಾಷೆಗಳಲ್ಲೂ ಈ ಕೆಲಸ ತಲೆಯದೇ. ಹೀಬ್ರೂ ಮಾತ್ರ ಮೂಳೆಯನ್ನು ಆರಿಸಿಕೊಂಡಿದೆ.

ಒಳಗಿನ ಅಂಗಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು

ಕೈಕಾಲುಗಳ ಕೆಲಸ ಎಲ್ಲರಿಗೂ ಕಾಣುತ್ತದೆ. ಈಲಿ, ಪಿತ್ತಕೋಶ, ಕರುಳುಗಳ ಕೆಲಸ ಕಾಣುವುದಿಲ್ಲ. ಆದ್ದರಿಂದ ಭಾವಗಳನ್ನು ಯಾವ ಅಂಗಕ್ಕೆ ಒಪ್ಪಿಸುವುದು ಎಂಬುದನ್ನು ಆಯಾ ಸಮಾಜದ ಹಳೆಯ ವೈದ್ಯಕೀಯ ತಿಳಿವಳಿಕೆ ಬಹುಮಟ್ಟಿಗೆ ನಿರ್ಧರಿಸಿದೆ. ಚೀನೀ ಭಾಷೆಯಲ್ಲಿ ಧೈರ್ಯ ಇರುವುದು ಪಿತ್ತಕೋಶದಲ್ಲಿ: ಧೈರ್ಯಶಾಲಿಯ ಪಿತ್ತಕೋಶ ದೊಡ್ಡದು, ಪುಕ್ಕಲನದು ಚಿಕ್ಕದು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ತೀರ್ಮಾನ ತೆಗೆದುಕೊಳ್ಳುವ ಶಕ್ತಿಯನ್ನು ಆ ಅಂಗಕ್ಕೆ ವಹಿಸಿರುವುದು ಇದರ ಹಿನ್ನೆಲೆ. ಕನ್ನಡದ ‘ಪಿತ್ತ ನೆತ್ತಿಗೇರಿತು’ ಎಂಬ ಮಾತಿನ ಹಿಂದೆ ಆಯುರ್ವೇದದ ದೋಷಗಳ ಲೆಕ್ಕವಿದೆ. ಇಂಡೊನೇಷ್ಯನ್ನಿನಲ್ಲಿ ಒಡೆದುಹೋಗುವ, ನೋಯುವ, ಪ್ರೀತಿಸುವ ‘ಹಾತಿ’ ದೇಹದಲ್ಲಿ ಈಲಿಯ ಹೆಸರು. ರಕ್ತ ದೂಡುವ ಗುಂಡಿಗೆಗೆ ‘ಜಾಂತುಂಗ್’ ಎಂಬ ಬೇರೆ ಪದವಿದೆ. ಅನುವಾದಕರು ಇಂಥಲ್ಲಿ ಈಲಿ ಎಂದು ಬರೆದರೂ ತಪ್ಪು, ಯೋಚಿಸದೆ ಹೃದಯ ಎಂದು ಬರೆದರೂ ಅರ್ಧ ತಪ್ಪು. ಕನ್ನಡದಲ್ಲಿ ಧೈರ್ಯಕ್ಕೆ ಎದೆಗಾರಿಕೆ, ಮಮತೆಗೆ ಕರುಳು, ಅಸೂಯೆಗೆ ಹೊಟ್ಟೆ ಎಂದು ಹಂಚಿಕೆಯಾಗಿದೆ. ಜಪಾನಿ ಭಾಷೆಯಲ್ಲಿ ಹೊಟ್ಟೆಗೆ ಇನ್ನೂ ವಿಸ್ತಾರವಾದ ಅಧಿಕಾರವಿದೆ: ಸಿಟ್ಟು ಬಂದರೆ ಹೊಟ್ಟೆ ‘ಎದ್ದು ನಿಲ್ಲುತ್ತದೆ’, ಕುಟಿಲನ ಹೊಟ್ಟೆ ‘ಕಪ್ಪು’. ಹೀಬ್ರೂವಿನಲ್ಲಿ ಕರುಣೆಯನ್ನು ಸೂಚಿಸುವ ‘ರಹಮೀಮ್’ ಗರ್ಭಾಶಯದ ಹೆಸರಿನೊಡನೆ ಧಾತುವನ್ನು ಹಂಚಿಕೊಂಡಿದೆ.

ಇಲ್ಲಿ ಎಲ್ಲವನ್ನೂ ಸಂಸ್ಕೃತಿಯ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಅಸೂಯೆಯಲ್ಲಿ ಹೊಟ್ಟೆ ಉರಿಯುವುದು, ಭಯದಲ್ಲಿ ಎದೆ ಬಡಿದುಕೊಳ್ಳುವುದು ದೇಹಕ್ಕೆ ನಿಜವಾಗಿ ಆಗುವ ಅನುಭವಗಳು. ಯಾವ ಅನುಭವವನ್ನು ಎತ್ತಿಕೊಂಡು ಹೆಸರಾಗಿಸಬೇಕು ಎಂಬ ಆಯ್ಕೆಯಷ್ಟೇ ಭಾಷೆಯದು.

ಭಾಷೆಗಳನ್ನು ಹೋಲಿಸುವ ಕ್ರಮ

ಹೋಲಿಕೆಗೆ ಇಳಿದಾಗ ‘ನಿಮ್ಮ ಭಾಷೆಯಲ್ಲಿ ಕಣ್ಣಿಗೆ ಇನ್ನೇನು ಅರ್ಥಗಳಿವೆ’ ಎಂದು ಕೇಳಬೇಡಿ. ಮಾತಾಡುವವರಿಗೆ ಹಾಗೆ ಕೇಳಿದರೆ ಗಾದೆಗಳಷ್ಟೇ ನೆನಪಾಗುತ್ತವೆ. ವಸ್ತುವನ್ನು ಮುಂದಿಟ್ಟು ಅದರ ಭಾಗದ ಹೆಸರು ಕೇಳಿ. ಸೂಜಿಯಲ್ಲಿ ದಾರ ಪೋಣಿಸುವ ತೂತನ್ನು ಕನ್ನಡ, ಇಂಗ್ಲಿಷ್, ಸ್ಪ್ಯಾನಿಷ್, ಫಿನ್ನಿಷ್ ಭಾಷೆಗಳು ಕಣ್ಣು ಎನ್ನುತ್ತವೆ. ರಷ್ಯನ್ ಅದನ್ನು ‘ಉಷ್ಕೊ’ ಅಂದರೆ ಪುಟ್ಟ ಕಿವಿ ಎನ್ನುತ್ತದೆ, ಜರ್ಮನ್ನಿನ ಹೆಸರೂ ಕಿವಿಯ ಪದದಿಂದಲೇ ಬಂದದ್ದು. ಅಷ್ಟು ಸಣ್ಣ ತೂತಿನಲ್ಲಿ ಒಂದು ಗುಂಪು ನೋಡುವ ಕಿಂಡಿಯನ್ನೂ ಇನ್ನೊಂದು ಗುಂಪು ಚುಚ್ಚಿದ ಕಿವಿಯಂಥ ತೂತನ್ನೋ ಪಕ್ಕಕ್ಕೆ ಬಾಗಿದ ಬಳೆಯನ್ನೋ ಕಂಡಂತಿದೆ. ದೇಹ ಎಲ್ಲರಿಗೂ ಒಂದೇ ಆಗಿದ್ದರೂ ದಾರಿ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಜಾಗ ಸೂಚಿಸುವ ಪದಗಳನ್ನು ತಪ್ಪದೆ ವಿಚಾರಿಸಬೇಕು. ಮೆಕ್ಸಿಕೋದ ಒಆಹಾಕಾ ರಾಜ್ಯದ ಚಾಲ್ಕಟೋಂಗೊ ಮಿಶ್ಟೆಕ್ ಭಾಷೆಯಲ್ಲಿ ಬೆಟ್ಟದ ಮೇಲೆ ಇರುವುದನ್ನು ‘ಬೆಟ್ಟದ ತಲೆ’ ಎಂದೂ, ಮನೆಯ ಮಾಡಿನ ಮೇಲಿರುವುದನ್ನು ‘ಮನೆಯ ಪ್ರಾಣಿಬೆನ್ನು’ ಎಂದೂ, ಮೇಜಿನ ಕೆಳಗಿರುವುದನ್ನು ‘ಮೇಜಿನ ಹೊಟ್ಟೆ’ ಎಂದೂ ಹೇಳುತ್ತಾರೆ. ಮಾಡಿಗೆ ನಾಲ್ಕು ಕಾಲಿನ ಪ್ರಾಣಿಯ ಅಡ್ಡಬೆನ್ನು ಮಾದರಿ. ಆಫ್ರಿಕದ ಭಾಷೆಗಳನ್ನು ಅಧ್ಯಯನ ಮಾಡಿದ ಬೆರ್ನ್ಡ್ ಹೈನೆ ಈ ಎರಡು ಮಾದರಿಗಳನ್ನು ಬೇರ್ಪಡಿಸಿ ತೋರಿಸಿದ್ದಾರೆ: ನಿಂತ ಮನುಷ್ಯನ ಮಾದರಿಯಲ್ಲಿ ಬೆನ್ನು ‘ಹಿಂದೆ’ ಆಗುತ್ತದೆ, ಪ್ರಾಣಿಯ ಮಾದರಿಯಲ್ಲಿ ಅದೇ ಬೆನ್ನು ‘ಮೇಲೆ’ ಆಗುತ್ತದೆ, ಎರಡನೆಯದು ಕಾಣುವುದು ಮುಖ್ಯವಾಗಿ ದನಗಾಹಿ ಸಮುದಾಯಗಳ ಭಾಷೆಗಳಲ್ಲಿ. ಕಾಲದ ವಿಷಯದಲ್ಲಿ ಆಂಡೀಸ್ ಪರ್ವತ ಪ್ರದೇಶದ ಐಮಾರಾ ಭಾಷೆ ನಮ್ಮ ರೂಢಿಗೆ ಎದುರಾಗಿದೆ. ಕಣ್ಣು, ಮುಂಭಾಗ ಎಂಬ ಅರ್ಥದ ‘ನಾಯ್ರಾ’ ಅಲ್ಲಿ ಕಳೆದ ಕಾಲ, ಬೆನ್ನಹಿಂದಿನದು ಬರುವ ಕಾಲ. 2006ರಲ್ಲಿ ರಫಾಯೆಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ ಆ ಭಾಷಿಕರ ಕೈಸನ್ನೆಗಳನ್ನೂ ಗಮನಿಸಿ ಇದು ಮಾತಿಗಷ್ಟೇ ಸೀಮಿತವಲ್ಲ ಎಂದು ತೋರಿಸಿದರು.

ದಾರಿ ತಪ್ಪಿಸುವ ಪದಗಳು

‘ಕೈದಿ’, ‘ಕೈಫಿಯತ್ತು’ ಇವುಗಳಲ್ಲಿ ಕೈ ಕಂಡರೂ ಅದು ನಮ್ಮ ಕೈಯಲ್ಲ. ಎರಡೂ ಅರಬ್ಬಿ ಮೂಲದವು. ‘ದಸ್ತಗಿರಿ’ಯಲ್ಲಿ ಕೈ ಕಾಣದಿದ್ದರೂ ಇದೆ: ಪಾರಸಿಯ ‘ದಸ್ತ್’ ಎಂದರೆ ಕೈ, ‘ಗೀರ್’ ಎಂದರೆ ಹಿಡಿಯುವವನು. ಹೌಸಾ ಭಾಷೆಯಲ್ಲಿ ತಲೆಗೆ ಇರುವ ಹೆಸರು ‘ಕೈ’ ಎಂದೇ ಕೇಳಿಸುತ್ತದೆ, ಅದು ಬರಿಯ ಆಕಸ್ಮಿಕ. ಧ್ವನಿಯನ್ನು ನಂಬಿ ಸಂಬಂಧ ಕಟ್ಟಬಾರದು.

ಎರವಲನ್ನೂ ಬೇರ್ಪಡಿಸಬೇಕು. ಮರ್ಯಾದೆ ಹೋಗುವುದಕ್ಕೆ ‘ಮುಖ ಕಳೆದುಕೊಳ್ಳುವುದು’ ಎಂಬ ಇಂಗ್ಲಿಷಿನ ಮಾತು ಚೀನೀ ಭಾಷೆಯಿಂದ 19ನೆಯ ಶತಮಾನದಲ್ಲಿ ಪದಕ್ಕೆ ಪದವಾಗಿ ಬಂದದ್ದು. ಅದನ್ನು ಎರಡು ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸಿದರೆ ತೀರ್ಮಾನವೇ ಹುಸಿಯಾಗುತ್ತದೆ. ಒಂದೇ ಕುಟುಂಬದ ಭಾಷೆಗಳು ಹಂಚಿಕೊಂಡದ್ದನ್ನೂ ಒಂದೇ ಸಾಕ್ಷ್ಯವೆಂದು ಎಣಿಸಬೇಕು. ಸಾವಿರಾರು ಭಾಷೆಗಳಲ್ಲಿ ಯಾವ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿವೆ ಎಂದು ತೋರಿಸುವ ಕ್ಲಿಕ್ಸ್ ಎಂಬ ಮುಕ್ತ ದತ್ತಾಂಶ ಸಂಗ್ರಹ ಈ ಹಂತದಲ್ಲಿ ಬಹಳ ಉಪಯುಕ್ತ, ಏಕೆಂದರೆ ಅದು ಭಾಷಾಕುಟುಂಬಗಳನ್ನೂ ಜೊತೆಗೇ ತೋರಿಸುತ್ತದೆ.

ದಾರಿ ಹಿಮ್ಮುಖವಾಗಿಯೂ ಇರಬಹುದು. ಫ್ರೆಂಚಿನ ‘ತೆತ್’ ಈಗ ತಲೆಯ ಹೆಸರು, ಮೊದಲು ಲ್ಯಾಟಿನ್ನಿನಲ್ಲಿ ಮಣ್ಣಿನ ಪಾತ್ರೆಯ ಹೆಸರು. ಜರ್ಮನ್ನಿನ ‘ಕಾಪ್ಫ್’ ಕೂಡ ಬಟ್ಟಲಿನಿಂದ ತಲೆಗೆ ಏರಿದ್ದು, ಆಗ ಹಳೆಯ ‘ಹೌಪ್ಟ್’ ಅಂಗವನ್ನು ಬಿಟ್ಟುಕೊಟ್ಟು ಮುಖ್ಯ ಎಂಬ ಅರ್ಥಕ್ಕೆ ಸರಿಯಿತು. ಕಣ್ಣಿನ ‘ಪಾಪೆ’ ಬೊಂಬೆಯ ಹೆಸರು. ಲ್ಯಾಟಿನ್ನಿನ ‘ಪುಪಿಲ್ಲ’ ಪುಟ್ಟ ಬೊಂಬೆ, ಗ್ರೀಕಿನ ‘ಕೊರೆ’ ಹುಡುಗಿ. ಎದುರಿಗಿರುವವರ ಕಣ್ಣಿನಲ್ಲಿ ನಮ್ಮದೇ ಸಣ್ಣ ರೂಪ ಕಾಣುವುದು ಇದಕ್ಕೆ ಕಾರಣ.

ಅಭ್ಯಾಸಕ್ಕೆ ಕಣ್ಣು, ತಲೆಗಳಂಥ ದೊಡ್ಡ ಪದಗಳ ಬದಲು ಬೆನ್ನನ್ನು ತೆಗೆದುಕೊಳ್ಳುವಂತೆ ನಾನು ಸೂಚಿಸುತ್ತೇನೆ. ಬೆನ್ನಟ್ಟು, ಬೆನ್ನು ಹತ್ತು, ಬೆಂಗಾವಲು, ಬೆಂಬಲ, ಬೆನ್ನಲ್ಲೇ ಎಂಬ ಐದು ರೂಪಗಳಿಗೆ ಹತ್ತಾರು ಪೂರ್ಣ ವಾಕ್ಯಗಳನ್ನು ಬರೆದುಕೊಂಡು, ಪ್ರತ್ಯಯ ಸೇರಿಸುವ ಪರೀಕ್ಷೆಯನ್ನೂ ಅಂಗವಿಲ್ಲದ ಕರ್ತೃವಿನ ಪರೀಕ್ಷೆಯನ್ನೂ ಮಾಡಿ. ‘ಸಭೆ ಮುಗಿದ ಬೆನ್ನಲ್ಲೇ ಮಳೆ ಬಂತು’ ಎಂಬಲ್ಲಿ ಬೆನ್ನು ಪೂರ್ತಿಯಾಗಿ ಕಾಲಸೂಚಕ, ಸಭೆಗೂ ಬೆನ್ನಿಲ್ಲ, ಮಳೆಗೂ ಇಲ್ಲ. ‘ಅವಳು ಅಣ್ಣನ ಬೆನ್ನಲ್ಲೇ ಒಳಗೆ ಬಂದಳು’ ಎಂಬ ವಾಕ್ಯದಲ್ಲಿ ಜಾಗವೂ ಇದೆ, ಕಾಲವೂ ಇದೆ. ಹುಡುಕಾಟವನ್ನು ಅಲ್ಲಿಂದ ಆರಂಭಿಸಬಹುದು.